ಸೀಸದ ಕಡಾಯಿಗೆ ನಾನು ಕೂಡಿಸಿದ ಮೀಟರು

ಸಿಂಧನೂರಿನ ಬ್ಯಾಟರಿ ಅಂಗಡಿಯ ಮಾಲಕರ ಫೋನು ಬಂದಾಗ ನಾನು ಮಸ್ಕಿಯ ನನ್ನ ರಿಪೇರಿ ಅಂಗಡಿಯಲ್ಲಿ ನೆಲದ ಮೇಲೆ ಒಂದು ಪಂಪಿನ ಸ್ಟಾರ್ಟರ್ ಬಿಚ್ಚಿಕೊಂಡು ಕುಳಿತಿದ್ದೆ.

"ಅಕ್ಕಾರ, ಪ್ಲೇಟು ಕೈಯಾಗ ಹಿಡಿದ್ರ ಹಪ್ಪಳದಂಗ ಮುರಿಯಾಕತ್ಯಾವ್ರಿ. ಮೂರು ಮಂದಿ ಗಿರಾಕಿ ಬ್ಯಾಟರಿ ವಾಪಸ್ ತಂದಾರ. ನೀವು ಕೂಡಿಸಿದ ಮೀಟರ್ ಒಮ್ಮೆ ನೋಡಿ ಹೋಗ್ರಿ."

"ಮೀಟರ್ ಎಷ್ಟು ತೋರಿಸಾಕತ್ತೈತ್ರಿ?"

"ನಾನೂರಿಪ್ಪತ್ತು. ಒಂದು ಡಿಗ್ರಿ ಆ ಕಡೆ ಇಲ್ಲ, ಈ ಕಡೆ ಇಲ್ಲ."

"ಹಂಗಿದ್ರ ಮೀಟರ್ ತಪ್ಪಲ್ಲ ಬಿಡ್ರಿ," ಎಂದೆ. ಹಾಗೆಂದರೂ ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು ಸಿಂಧನೂರಿನ ಬಸ್ಸು ಹತ್ತಿದೆ.

ಆ ಅಂಗಡಿಯ ಹಿಂದೆ ತಗಡಿನ ಶೆಡ್ಡು ಇದೆ. ಟ್ರ್ಯಾಕ್ಟರು, ಭತ್ತ ಕೊಯ್ಯುವ ಯಂತ್ರಗಳ ಹಳೆಯ ಬ್ಯಾಟರಿಗಳನ್ನು ಒಡೆದು, ಒಳಗಿನ ಸೀಸವನ್ನು ಕಬ್ಬಿಣದ ಕಡಾಯಿಯಲ್ಲಿ ಕರಗಿಸಿ, ಅಚ್ಚಿಗೆ ಹೊಯ್ದು ಹೊಸ ಪ್ಲೇಟು ಮಾಡುತ್ತಾರೆ. ಮೊದಲು ಆ ಕಡಾಯಿಯ ಕೆಳಗೆ ಭತ್ತದ ಹೊಟ್ಟಿನ ಒಲೆ ಉರಿಯುತ್ತಿತ್ತು. ನಾಲ್ಕು ತಿಂಗಳ ಹಿಂದೆ ಮಾಲಕರು ಕರೆಂಟಿನ ಹೀಟರ್ ಹಾಕಿಸಿದರು. ಕಾವನ್ನು ಅಳೆಯುವ ಸೆನ್ಸಾರು, ಕಾವು ಸಾಕಾದಾಗ ಹೀಟರ್ ಆರಿಸಿ ಕಡಿಮೆಯಾದಾಗ ಹಚ್ಚುವ ಕಂಟ್ರೋಲರು, ಇವೆರಡನ್ನೂ ತಂದು ಡಬ್ಬಿ ಕಟ್ಟಿ ಕೂಡಿಸಿದವಳು ನಾನು. ಕಂಟ್ರೋಲರಿಗೆ ಅಲ್ಲಿ ಎಲ್ಲರೂ ಮೀಟರ್ ಎನ್ನುತ್ತಾರೆ. ಕೆಂಪು ಅಂಕಿಗಳು ದೂರದಿಂದಲೇ ಕಾಣುತ್ತವೆ. ಮಾಲಕರು ದಿನಾ ಬೆಳಿಗ್ಗೆ ಹಣೆತುಂಬ ವಿಭೂತಿ ಹಚ್ಚಿಕೊಂಡು ಬಂದು ಆ ಡಬ್ಬಿಗೂ ಒಂದು ಊದಿನಕಡ್ಡಿ ಬೆಳಗುತ್ತಿದ್ದರು.

ಎರಕ ಹೊಯ್ಯುವವರು ಬಳಗಾನೂರಿನಿಂದ ಬರುವ ಒಬ್ಬ ಹಿರಿಯರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಮೂವತ್ತು ವರ್ಷದಿಂದ ಸೀಸದ ಮುಂದೆಯೇ ಇದ್ದವರು. ಹೊಟ್ಟಿನ ಒಲೆಯ ಕಾಲದಲ್ಲಿ ಕಾವು ಎಷ್ಟೆಂದು ಅವರು ಕಣ್ಣಿನಿಂದಲೇ ಹೇಳುತ್ತಿದ್ದರಂತೆ. ಹೀಟರ್ ಹಾಕಿದ ಒಂದು ತಿಂಗಳಿಗೆ ಅವರು, "ಸೀಸ ಭಾಳ ಕಾದಾದವ್ವ, ಮೀಟರ್ ಬರೋಬ್ಬರಿ ಇಲ್ಲ," ಎಂದು ದೂರಿದ್ದರು. ಆಗಲೂ ನಾನು ಬಂದಿದ್ದೆ. ಸೋಮವಾರ ಬೆಳಿಗ್ಗೆ, ಕಡಾಯಿ ಇನ್ನೂ ತಣ್ಣಗಿತ್ತು. ಮೀಟರು ಮೂವತ್ತೊಂದು ತೋರಿಸುತ್ತಿತ್ತು. ನನ್ನ ಚೀಲದ ಗಾಜಿನ ಥರ್ಮಾಮೀಟರೂ ಮೂವತ್ತೊಂದೇ ತೋರಿಸಿತು. ಎರಡನ್ನೂ ಅವರ ಮುಂದೆ ಹಿಡಿದು, "ನೋಡ್ರಿ ಕಾಕಾ, ಮೀಟರ್ ಸುಳ್ಳು ಹೇಳಂಗಿಲ್ಲ," ಎಂದು ನಕ್ಕು ಹೋಗಿದ್ದೆ.

ಈ ಸಲ ಹೋದಾಗ ಕಾಕಾ ಕಡಾಯಿಯ ಮುಂದೆ ಇರಲಿಲ್ಲ. ಬಾಗಿಲ ಬಳಿ ಖಾಲಿ ಬ್ಯಾಟರಿ ಡಬ್ಬಿಯ ಮೇಲೆ ಗೋಡೆಗೊರಗಿ ಕುಳಿತಿದ್ದರು. ಎಡಗೈಯಲ್ಲಿ ಚಹಾದ ಲೋಟ ಹಿಡಿದಿದ್ದರು. ಬಲಗೈ ತೊಡೆಯ ಮೇಲೆ ಸೋತಂತೆ ಬಿದ್ದಿತ್ತು.

"ಹೊಟ್ಟಿ ಭಾಳ ನೋಯಾಕತ್ತೈತವ್ವ," ಎಂದರು. "ಎರಡು ದಿನ ರಜಾ ಹಾಕಿದ್ದೆ. ಇವರು ಬಾ ಅಂದ್ರು, ಬಂದೀನಿ."

"ದವಾಖಾನಿಗೆ ತೋರಿಸಿದ್ರೇನ್ರಿ?"

"ಇಬ್ಬರಿಗೆ ತೋರಿಸೀನಿ. ಗ್ಯಾಸ್ ಅಂದ್ರು, ಗುಳಿಗಿ ಕೊಟ್ಟಾರ."

ನಾನು ತಲೆಯಾಡಿಸಿ ಮೀಟರಿನ ಡಬ್ಬಿ ಬಿಚ್ಚಲು ಹೋದೆ. ಅವರ ಬಲಗೈಯನ್ನು ನೋಡಿದ್ದೆ, ಅದರ ಬಗ್ಗೆ ಯೋಚಿಸಿರಲಿಲ್ಲ.

ಮೊದಲು ಕಾಂಟ್ಯಾಕ್ಟರ್ ನೋಡಿದೆ. ಹೀಟರಿಗೆ ಕರೆಂಟು ಕೊಡುವ, ಕಡಿಯುವ ಸ್ವಿಚ್ಚು ಅದು. ಕೆಲವೊಮ್ಮೆ ಅದರ ಒಳಗಿನ ತುದಿಗಳು ಬೆಸೆದುಕೊಂಡು ಮೀಟರು ಆರಿಸೆಂದರೂ ಹೀಟರು ಆರುವುದಿಲ್ಲ. ಇಲ್ಲಿ ಹಾಗಾಗಿರಲಿಲ್ಲ. ನಾನೂರಿಪ್ಪತ್ತಕ್ಕೆ ಟಕ್ಕೆಂದು ಬಿಡುತ್ತಿತ್ತು, ಎರಡು ಡಿಗ್ರಿ ಇಳಿದರೆ ಟಕ್ಕೆಂದು ಹಿಡಿಯುತ್ತಿತ್ತು. ತಂತಿಗಳ ಸ್ಕ್ರೂ ಬಿಗಿ ಇದ್ದವು. ಅರ್ಥಿಂಗ್ ಸರಿಯಿತ್ತು. ಸೆನ್ಸಾರು ಕಡಾಯಿಯೊಳಗಿನ ಕಬ್ಬಿಣದ ಕೊಳವೆಯಲ್ಲಿ ತಳದವರೆಗೆ ಇಳಿದಿತ್ತು. ಅರ್ಧಕ್ಕೆ ನಿಂತಿದ್ದರೆ ಕಾವು ಕಡಿಮೆ ತೋರಿಸುತ್ತಿತ್ತು, ಆದರೆ ಅದೂ ಅಲ್ಲ.

ಇಷ್ಟಾದರೂ ಕಡಾಯಿಯ ಮೇಲೆ ಕಿಟ್ಟ ದಪ್ಪಗೆ ಕಟ್ಟುತ್ತಿತ್ತು. ಸೌಟಿನಿಂದ ಕೆರೆದು ತೆಗೆದರೆ ಎರಡು ನಿಮಿಷದಲ್ಲಿ ಹೊಸ ಪದರ, ಹಳದಿ, ಅದರ ಅಂಚಿಗೆ ನೇರಳೆ. ನನಗೆ ಆ ಬಣ್ಣಗಳು ಏನನ್ನೂ ಹೇಳಲಿಲ್ಲ.

ಉಳಿದದ್ದು ಸೆನ್ಸಾರು ಒಂದೇ. ಚೀಲದಲ್ಲಿ ಅದೇ ಜಾತಿಯ ಹೊಸದೊಂದು ಇತ್ತು. ಹಳೆಯದನ್ನು ತೆಗೆದು ಹೊಸದನ್ನು ಇಳಿಸಿದೆ. ನಿಧಾನವಾಗಿ ಏರಿ ನಾನೂರ ಹತ್ತೊಂಬತ್ತಕ್ಕೆ ನಿಂತಿತು. ನನಗೆ ನಿಜಕ್ಕೂ ಸಮಾಧಾನವಾಯಿತು. ಎರಡು ಸೆನ್ಸಾರುಗಳು ಒಂದೇ ಸುಳ್ಳು ಹೇಳಲು ಸಾಧ್ಯವಿಲ್ಲ ಎಂದುಕೊಂಡೆ.

"ಸಾವಕಾರ್ರ, ನನ್ನ ಕಡಿಯಿಂದ ಎಲ್ಲಾ ಬರೋಬ್ಬರಿ ಐತ್ರಿ," ಎಂದೆ. "ಸೀಸದಾಗ ಏನೋ ಕೂಡೇತಿ. ಹಳೇ ಮಾಲು ನೋಡ್ರಿ."

ಮಾಲಕರು ಕಾಕಾನ ಕಡೆ ತಿರುಗಿದರು. "ಕೇಳಿದ್ಯಾ? ಮೀಟರ್ ಸರಿ ಐತಂತ. ಕೈ ನಿಂದು ಕೆಟ್ಟೈತಿ. ಅಚ್ಚಿಗೆ ಹೊಯ್ಯೋದ್ರಾಗ ನಡುಗಾಕತ್ತೀ ನೀ."

ಕಾಕಾ ಎದ್ದು ಬಂದು ನೆಲದ ಮೇಲಿದ್ದ ಹಳೆಯ ಪೇಪರಿನ ಒಂದು ಚೂರು ಹರಿದು, ಇಕ್ಕಳದಲ್ಲಿ ಹಿಡಿದು ಸೀಸದ ಮೇಲ್ಮೈಗೆ ತಾಗಿಸಿದರು. ಅದು ಭಗ್ಗನೆ ಹೊತ್ತಿಕೊಂಡಿತು.

"ನಾನೂರಿಪ್ಪತ್ತಿದ್ರ ಪೇಪರ್ ಕಂದಾಗ್ತದ, ನಿಧಾನಕ ಕರ್ರಗಾಗ್ತದ," ಎಂದರು. "ಹಿಂಗ ಉರಿಯಂಗಿಲ್ಲವ್ವ."

"ಕಾಕಾ, ಎರಡು ಸೆನ್ಸಾರ್ ಹಾಕಿ ನೋಡೀನ್ರಿ."

"ನೀರಿಂದಾದ್ರ ನಿಮಗ ತಿಳೀತದ. ಕುದಿಯಾದು ಕಣ್ಣಿಗೆ ಕಾಣ್ತದ. ಸೀಸ ಕುದಿಯಂಗಿಲ್ಲ. ಅದಕ್ಕ ನನ್ನ ಮಾತು ಯಾರೂ ನಂಬವಲ್ರು."

ಅವರು ಮತ್ತೆ ಡಬ್ಬಿಯ ಮೇಲೆ ಹೋಗಿ ಕುಳಿತರು. ನಾನು ಸ್ಕ್ರೂಡ್ರೈವರ್‌ಗಳನ್ನು ಚೀಲಕ್ಕೆ ತುಂಬುತ್ತಿದ್ದೆ. ಮೂರನೆಯದನ್ನು ತುಂಬುವಾಗ ಕೈ ನಿಂತಿತು. ನಾನು ಈ ಮೀಟರನ್ನು ಕೂಡಿಸಿದ ದಿನ ಪರೀಕ್ಷಿಸಿದ್ದು ತಣ್ಣಗಿದ್ದಾಗ. ದೂರು ಬಂದು ನೋಡಿದ್ದೂ ತಣ್ಣಗಿದ್ದಾಗ. ಇವತ್ತು ಕಾದಾಗ ನೋಡಿದ್ದೇನೆ, ಆದರೆ ಹೋಲಿಸಿ ನೋಡಲು ಆ ಮೀಟರನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಕುದಿಯುವ ನೀರಿನ ಕಾವು ನೂರು ಡಿಗ್ರಿ ಎಂದು ಮಾತ್ರ ಯಾವ ಮೀಟರೂ ಇಲ್ಲದೆ ನನಗೆ ಗೊತ್ತು.

"ಸಾವಕಾರ್ರ, ಎದುರಿನ ಹೋಟೆಲ್‌ನ್ಯಾಗಿಂದ ಒಂದು ಒಲಿ, ಒಂದು ಪಾತೇಲಿ ನೀರು ತರಿಸ್ರಿ."

"ಚಾ ಬೇಕೇನ್ರಿ?"

"ಚಾ ಬ್ಯಾಡ್ರಿ. ನೀರು ಬೇಕು."

ಕರಗಿದ ಸೀಸದ ಹತ್ತಿರ ನೀರು ತರುವುದು ಅಪಾಯ. ಒಂದು ಹನಿ ಒಳಗೆ ಬಿದ್ದರೆ ಆವಿಯಾಗಿ ಸೀಸವನ್ನು ಮುಖಕ್ಕೆ ಎರಚುತ್ತದೆ. ಅದಕ್ಕೇ ಹೀಟರ್ ಆರಿಸಿ, ಕಡಾಯಿಗೆ ಕಬ್ಬಿಣದ ಮುಚ್ಚಳ ಮುಚ್ಚಿಸಿ, ಸೆನ್ಸಾರಿನ ತಂತಿ ಎಷ್ಟು ಉದ್ದ ಬರುತ್ತದೋ ಅಷ್ಟು ದೂರ, ಬಾಗಿಲ ಹೊರಗೆ ಒಲೆ ಇಡಿಸಿದೆ. ನೀರು ಕೊತಕೊತ ಕುದಿಯಿತು. ತಣಿದ ಸೆನ್ಸಾರನ್ನು ಅದರಲ್ಲಿ ಇಳಿಸಿ ಹಿಡಿದುಕೊಂಡೆ.

"ಎಷ್ಟೈತ್ರಿ ಮೀಟರ್‌ನ್ಯಾಗ?" ಎಂದು ಒಳಗಿದ್ದ ಮಾಲಕರನ್ನು ಕೇಳಿದೆ.

"ಎಂಬತ್ತೈದು."

"ಇನ್ನ ಏರತೈತಿ, ನೋಡ್ರಿ."

"ಇಲ್ಲಬಿಡ್ರಿ. ಎಂಬತ್ತೈದಕ್ಕ ನಿಂತೈತಿ."

ನಾನು ಪಾತೇಲಿಯನ್ನು ನೋಡಿದೆ. ಗುಳ್ಳೆಗಳು ಕೈಗೆ ಸಿಡಿಯುತ್ತಿದ್ದವು. ಹಳೆಯ ಸೆನ್ಸಾರು ಹಾಕಿ ನೋಡಿದೆ. ಅದೂ ಎಂಬತ್ತೈದು. ಸೆನ್ಸಾರಿನ ತಪ್ಪಲ್ಲ, ಕಾಂಟ್ಯಾಕ್ಟರಿನ ತಪ್ಪಲ್ಲ. ಉಳಿದದ್ದು ನಾನು ಕೈಯಾರೆ ಮಾಡಿದ ಕೆಲಸ ಮಾತ್ರ.

ಸೆನ್ಸಾರನ್ನು ಹಿಡಿದುಕೊಳ್ಳಲು ಕಾಕಾನ ಕೈಗೆ ಕೊಟ್ಟು ಮೀಟರಿನ ಮುಂದೆ ಹೋದೆ. ಅದರ ಒಳಗಿನ ಸೆಟ್ಟಿಂಗುಗಳು ಸುಮ್ಮನೆ ಕಾಣುವುದಿಲ್ಲ, ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿಯಬೇಕು. ಒಂದೊಂದೇ ಸಾಲು ದಾಟಿದೆ. ನಾಲ್ಕನೆಯದು ಸೆನ್ಸಾರಿನ ಜಾತಿ. ಅಲ್ಲಿ 'ಕೆ' ಇರಬೇಕಿತ್ತು. 'ಜೆ' ಇತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೆನ್ಸಾರಿನ ತುದಿಯಲ್ಲಿ ಎರಡು ಬೇರೆ ಬೇರೆ ಲೋಹದ ತಂತಿಗಳು ಕೂಡಿರುತ್ತವೆ. ಬಿಸಿ ತಾಗಿದಾಗ ಅಲ್ಲಿ ಬಹಳ ಸಣ್ಣ ವೋಲ್ಟೇಜು ಹುಟ್ಟುತ್ತದೆ. ಇಷ್ಟು ವೋಲ್ಟೇಜೆಂದರೆ ಇಷ್ಟು ಡಿಗ್ರಿ ಎಂಬ ಪಟ್ಟಿ ಮೀಟರಿನೊಳಗೆ ಇರುತ್ತದೆ. ಕೆ ಜಾತಿಗೆ ಒಂದು ಪಟ್ಟಿ, ಜೆ ಜಾತಿಗೆ ಇನ್ನೊಂದು. ಸುತ್ತಲಿನ ಗಾಳಿಯ ಕಾವಿನಲ್ಲಿ ಎರಡು ಪಟ್ಟಿಗಳೂ ಒಂದೇ ಉತ್ತರ ಕೊಡುತ್ತವೆ. ಕಾವು ಏರಿದಷ್ಟೂ ಅಂತರ ಹೆಚ್ಚುತ್ತದೆ. ನಾನು ಕೊಟ್ಟದ್ದು ಕೆ ಸೆನ್ಸಾರು. ಮೀಟರು ಪೆಟ್ಟಿಗೆಯಿಂದ ಬರುವಾಗಲೇ ಜೆಗೆ ಹೊಂದಿಸಿತ್ತು. ಅದನ್ನು ಬದಲಿಸುವುದು ಅರ್ಧ ನಿಮಿಷದ ಕೆಲಸ. ಆ ದಿನ ಮಸ್ಕಿಯ ಕಡೆಯ ಬಸ್ಸಿನ ಅವಸರವಿತ್ತೋ, ಎಷ್ಟೋ ಸಲ ಮಾಡಿದ ಕೆಲಸವೆಂಬ ಸೊಕ್ಕಿತ್ತೋ ತಿಳಿಯದು. ನೋಡಿರಲಿಲ್ಲ.

ಗುಂಡಿ ಒತ್ತಿ ಕೆ ಮಾಡಿದೆ. ಎಂಬತ್ತೈದು ಇದ್ದದ್ದು ತೊಂಬತ್ತೊಂಬತ್ತಾಯಿತು.

ಸೆನ್ಸಾರನ್ನು ಒರೆಸಿ ಒಣಗಿಸಿ ಕಡಾಯಿಯ ಕೊಳವೆಗೆ ಮತ್ತೆ ಇಳಿಸಿದೆ. ಅಂಕಿಗಳು ಏರತೊಡಗಿದವು. ನಾನೂರು, ನಾನೂರೈವತ್ತು. ಐನೂರು ದಾಟಿದಾಗ ಮಾಲಕರು "ಶಿವ ಶಿವಾ" ಎಂದರು. ಐನೂರ ಹದಿನೆಂಟಕ್ಕೆ ನಿಂತಿತು. ಅದೂ ಹೀಟರ್ ಆರಿಸಿ ಅರ್ಧ ಗಂಟೆ ಕಳೆದ ಮೇಲೆ. ನಾಲ್ಕು ತಿಂಗಳಿಂದ ಆ ಕೆಂಪು ಅಂಕಿ ನಾನೂರಿಪ್ಪತ್ತು ಎನ್ನುವಾಗೆಲ್ಲ ಸೀಸ ಐನೂರ ನಲವತ್ತರ ಮೇಲಿತ್ತು. ಪ್ಲೇಟು ಹಪ್ಪಳದಂತೆ ಮುರಿಯುತ್ತಿದ್ದದ್ದು ಅದಕ್ಕೇ. ಅಷ್ಟು ಕಾವಿಗೆ ಸೀಸದಿಂದ ವಿಷದ ಹೊಗೆ ಏಳುತ್ತದೆ. ಆ ಹೊಗೆ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಅದರ ಮುಂದೆ ದಿನಕ್ಕೆ ಎಂಟು ತಾಸು ಮುಖವಿಟ್ಟು ಒಬ್ಬ ಮನುಷ್ಯ ಕುಳಿತಿದ್ದ.

ಆಗ ಕಾಕಾನನ್ನು ಸರಿಯಾಗಿ ನೋಡಿದೆ. ಬಾಗಿಲಲ್ಲಿ ನಿಂತಿದ್ದರು. ಬಲಗೈಯ ಮಣಿಕಟ್ಟು ಕೆಳಗೆ ಜೋತಿತ್ತು. ಎತ್ತಲು ನೋಡಿದರೂ ಪೂರ್ತಿ ಏಳುತ್ತಿರಲಿಲ್ಲ.

ಮಾಲಕರು ನನ್ನನ್ನು ಮುಂದಿನ ಅಂಗಡಿಗೆ ಕರೆದರು. ದನಿ ತಗ್ಗಿಸಿದರು. "ಆತಲ್ರಿ, ಸರಿ ಆತು. ಸೆನ್ಸಾರ್ ಹೋಗಿತ್ತು, ಬದಲಿ ಮಾಡೀನಿ ಅಂತ ಹೇಳಿಬಿಡ್ರಿ. ಅವಗ ಯಾಕ ಇದೆಲ್ಲಾ? ಊರಾಗ ಸುದ್ದಿ ಆದ್ರ ನಂದೂ ಹೆಸರು ಹೋಗ್ತದ, ನಿಮ್ದೂ ಹೋಗ್ತದ. ನಿಮಗ್ಯಾರು ಕೆಲಸ ಕೊಡ್ತಾರ ಮ್ಯಾಲ?"

ಅವರು ಕೆಟ್ಟವರಲ್ಲ. ಹೆದರಿದ್ದರು. ನಾನೂ ಹೆದರಿದ್ದೆ. ಒಂದು ಕ್ಷಣ ಅವರ ಮಾತು ನನಗೆ ಹಿತವಾಗಿಯೇ ಕೇಳಿಸಿತು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಮಸ್ಕಿಯಲ್ಲಿ ಹೆಣ್ಣುಮಗಳೊಬ್ಬಳು ಕರೆಂಟಿನ ಪ್ಯಾನೆಲ್ ಕೆಲಸ ಮಾಡುತ್ತಾಳೆಂದರೆ ಜನ ನಂಬಲು ಎಷ್ಟೋ ವರ್ಷ ಬೇಕಾಗಿತ್ತು. ಆದರೆ ಕಾಕಾ ನಾಳೆ ಮತ್ತೆ ಯಾರದೋ ದವಾಖಾನೆಗೆ ಹೋಗಿ ಗ್ಯಾಸಿನ ಗುಳಿಗೆ ತೆಗೆದುಕೊಳ್ಳುತ್ತಾರೆ. ಆ ನೋವು ಸೀಸದಿಂದ ಬಂದದ್ದೆಂದು ಹೇಳಬಲ್ಲವರು ನಾವಿಬ್ಬರೇ.

ಶೆಡ್ಡಿಗೆ ವಾಪಸು ಬಂದು ಅವರ ಮುಂದೆ ನಿಂತೆ.

"ಕಾಕಾ, ತಪ್ಪು ನಂದೈತ್ರಿ. ಮೀಟರ್ ಹೊಂದಿಸೋದ್ರಾಗ ತಪ್ಪು ಮಾಡಿದ್ದೆ. ಸೀಸ ನೀವು ಹೇಳಿದಂಗ ಭಾಳ ಕಾದಿತ್ತು. ನಾಕು ತಿಂಗಳಿಂದ. ನಿಮ್ಮ ಹೊಟ್ಟಿ ನೋವು, ಈ ಕೈ, ಎಲ್ಲಾ ಅದರಿಂದ ಆಗಿರಬೇಕು."

ಬೈಯುತ್ತಾರೆ ಎಂದುಕೊಂಡಿದ್ದೆ. ಅವರ ಕಣ್ಣು ತುಂಬಿಕೊಂಡವು.

"ಹಂಗಾದ್ರ ನನ್ನ ಕಣ್ಣು ಹೋಗಿಲ್ಲಲ್ಲವ್ವ?"

"ಇಲ್ರಿ ಕಾಕಾ."

"ತಲಿ ಕೆಟ್ಟೈತಿ ಅನ್ಕೊಂಡಿದ್ದೆ. ಮೂವತ್ತು ವರ್ಷ ನೋಡಿದ ಸೀಸ ಗುರ್ತು ಹತ್ತವಲ್ದು ಅಂತ. ಮನ್ಯಾಗೂ ಹೇಳಿರಲಿಲ್ಲ."

ಅವರ ಕೈಯನ್ನು ಕೆಡಿಸಿದ್ದು ಗೊತ್ತಾಗಿತ್ತು. ಅವರಿಗೆ ಅವರ ಮೇಲಿದ್ದ ನಂಬಿಕೆಯನ್ನೂ ಕಿತ್ತುಕೊಂಡಿದ್ದೆ ಎಂಬುದು ಆಗ ಗೊತ್ತಾಯಿತು.

ಲಿಂಗಸುಗೂರಿನಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ಗಣಿಯಲ್ಲಿ, ಕ್ರಷರಿನಲ್ಲಿ ದುಡಿದು ಬಂದವರನ್ನು ನೋಡಿ ಅನುಭವವಿದ್ದವರು. ಮರುದಿನ ಬೆಳಿಗ್ಗೆ ಕಾಕಾನನ್ನೂ ಅವರ ಹೆಂಡತಿಯನ್ನೂ ಕರೆದುಕೊಂಡು ಅಲ್ಲಿಗೆ ಹೋದೆ. ಡಾಕ್ಟರಮ್ಮ ಕಾಕಾನಿಗೆ ಎರಡೂ ಕೈ ಮುಂದೆ ಚಾಚಲು ಹೇಳಿದರು. ಬಲಗೈ ಕುಸಿಯಿತು. ತುಟಿ ಎತ್ತಿ ಒಸಡು ನೋಡಿದರು. ಹಲ್ಲಿನ ಬುಡದಲ್ಲಿ ನೀಲಿ ಗೆರೆ ಇತ್ತು. ಆಮೇಲೆ ಕಾಕಾನ ಹೆಂಡತಿಯ ಕಡೆ ತಿರುಗಿ ಕೇಳಿದರು:

"ಇವರ ಬಟ್ಟಿ ಯಾರು ಒಗೀತೀರಿ?"

"ನಾನಽ ಒಗೀತೀನ್ರಿ."

"ನಿಮಗೂ ಹೊಟ್ಟಿ ನೋಯ್ತದೇನು?"

ಆಕೆ ಗಂಡನ ಮುಖ ನೋಡಿ, "ಸ್ವಲ್ಪ ನೋಯ್ತದ್ರಿ," ಎಂದರು.

ಇಬ್ಬರ ರಕ್ತವನ್ನೂ ತೆಗೆದು ದೊಡ್ಡ ಊರಿನ ಲ್ಯಾಬಿಗೆ ಕಳಿಸಿದರು. ಫಲಿತಾಂಶ ಬರುವವರೆಗೆ ಕಾಕಾ ಕಡಾಯಿಯ ಹತ್ತಿರ ಹೋಗಬಾರದೆಂದು ಚೀಟಿ ಬರೆದುಕೊಟ್ಟರು. ಆ ಚೀಟಿಯನ್ನು ನಾನೇ ಮಾಲಕರಿಗೆ ತಲುಪಿಸಿದೆ. ಅವರು ಎರಡು ಸಲ ಓದಿ, ಮೇನ್ ಸ್ವಿಚ್ಚು ಎಳೆದು ಶೆಡ್ಡಿಗೆ ಬೀಗ ಹಾಕಿದರು.

ಲ್ಯಾಬಿನ ಕಾಗದ ಬಂದಾಗ ಡಾಕ್ಟರಮ್ಮ ನನ್ನನ್ನೂ ಕರೆದರು. ಕಾಕಾನ ರಕ್ತದಲ್ಲಿ ಸೀಸ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಇದು ನಾಲ್ಕೇ ತಿಂಗಳಿನದ್ದಲ್ಲ, ಮೂವತ್ತು ವರ್ಷದಿಂದ ಸ್ವಲ್ಪ ಸ್ವಲ್ಪ ಕೂಡಿದ್ದು, ಈ ನಾಲ್ಕು ತಿಂಗಳು ಅದನ್ನು ಮಿತಿ ದಾಟಿಸಿವೆ ಎಂದರು. ನನ್ನನ್ನು ಸಮಾಧಾನಪಡಿಸಲು ಹೇಳಿದರೋ ಏನೋ, ನನಗೆ ಸಮಾಧಾನವಾಗಲಿಲ್ಲ. ಬಟ್ಟೆಯ ದೂಳಿನಿಂದ ಹೆಂಡತಿಯ ರಕ್ತದಲ್ಲಿಯೂ ಸೀಸ ಸೇರಿತ್ತು. ಗಂಡನಷ್ಟಲ್ಲ, ಆದರೂ ಇತ್ತು.

ಕಾಕಾನಿಗೆ ಚಿಕಿತ್ಸೆ ಶುರುವಾಯಿತು. ಮಾಲಕರು ಖರ್ಚು ತಾವೇ ನೋಡಿಕೊಂಡರು, ಅದನ್ನು ಯಾರೂ ಕೇಳಿ ಪಡೆಯಬೇಕಾಗಲಿಲ್ಲ. ಶೆಡ್ಡಿನಲ್ಲಿ ಕಡಾಯಿಯ ಮೇಲೆ ತಗಡಿನ ಚಿಮಣಿ, ಹೊಗೆ ಎಳೆಯುವ ಫ್ಯಾನು ಬಂತು. ಕೈಕಾಲು ತೊಳೆಯಲು ನಲ್ಲಿ, ಕೆಲಸದ ಬಟ್ಟೆ ಅಲ್ಲೇ ಬಿಚ್ಚಿಟ್ಟು ಅಲ್ಲೇ ಒಗೆಯುವ ವ್ಯವಸ್ಥೆಯೂ ಆಯಿತು. ಮೊದಲ ಮೀಟರಿನ ಜೊತೆಗೆ ನಾನು ಇನ್ನೊಂದನ್ನು ಕೂಡಿಸಿದೆ. ಅದಕ್ಕೆ ಬೇರೆ ಸೆನ್ಸಾರು, ಬೇರೆ ಕಾಂಟ್ಯಾಕ್ಟರು. ಒಂದು ಸುಳ್ಳು ಹೇಳಿದರೆ ಇನ್ನೊಂದು ಕರೆಂಟು ಕಡಿಯುತ್ತದೆ. ಎರಡನ್ನೂ ಕುದಿಯುವ ನೀರಿನಲ್ಲಿ ಇಟ್ಟು, ಮಾಲಕರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತೋರಿಸಿದ ಮೇಲೆಯೇ ಕಡಾಯಿ ಹಚ್ಚಿದೆವು.

ಹೆಂಡತಿಯ ಕಾಗದವನ್ನು ಆಕೆಗೆ ಓದಿ ಹೇಳಲು ಬಳಗಾನೂರಿಗೆ ನಾನೇ ಹೋಗಿದ್ದೆ. ಆಕೆ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದರು. ಹೇಳುವುದೆಲ್ಲ ಹೇಳಿದೆ. ಮೊರದಲ್ಲಿ ಬೆರಳಾಡಿಸುವುದನ್ನು ಅವರು ನಿಲ್ಲಿಸಿದರು.

"ನಾ ಆ ಶೆಡ್ಡಿನ ಬಾಗಿಲಾ ನೋಡಿಲ್ಲವ್ವ ಇವತ್ತಿನ ತನಕ."

ನಾನು ಕಾಗದವನ್ನು ಮಡಚಿದೆ.

"ನೀ ಮನೀ ತನಕ ಬಂದು ಹೇಳಿದಿ, ಛಲೋ ಆತು," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳುವವರ ಹಾಗೆ ಕೇಳಿದರು: "ಇಂಥಾ ಮೀಟರ್ ಇನ್ನ ಎಷ್ಟು ಕಡಿ ಕೂಡಿಸೀ ಯವ್ವಾ?"

ನನಗೆ ಅಲ್ಲಿಯವರೆಗೆ ಆ ಪ್ರಶ್ನೆ ಹೊಳೆದಿರಲೇ ಇಲ್ಲ. ಈ ಎಲ್ಲದರಲ್ಲಿ ನನ್ನನ್ನು ಅತಿ ಹೆಚ್ಚು ದಂಗುಬಡಿಸಿದ್ದು ಐನೂರ ಹದಿನೆಂಟು ಎಂಬ ಅಂಕಿಯಲ್ಲ, ಇದು. ವಾಪಸು ಬರುವ ಬಸ್ಸಿನಲ್ಲಿ ಬೆರಳು ಮಡಚಿ ನೆನಪಿಸಿಕೊಂಡೆ. ಸಿಂಧನೂರಿನ ಎರಡು ಅಕ್ಕಿ ಗಿರಣಿಗಳ ಡ್ರೈಯರು. ಲಿಂಗಸುಗೂರಿನ ಪ್ಲಾಸ್ಟಿಕ್ ಪೈಪಿನ ಘಟಕ. ಮಸ್ಕಿಯಲ್ಲಿ ಸವೆದ ಟೈರಿಗೆ ಹೊಸ ರಬ್ಬರು ಕೂರಿಸುವ ಯಂತ್ರ. ಮುದಗಲ್ಲಿನ ಬೇಕರಿ. ಒಂದು ವಾರ ಹೊಸ ಕೆಲಸ ಹಿಡಿಯಲಿಲ್ಲ. ಒಂದು ಸಣ್ಣ ಸ್ಟೋವು, ಒಂದು ಪಾತೇಲಿ ಚೀಲಕ್ಕೆ ಹಾಕಿಕೊಂಡು ಹೊರಟೆ.

ಗಿರಣಿಗಳಲ್ಲಿ ಸರಿಯಿತ್ತು. ಮಸ್ಕಿಯಲ್ಲೂ ಸರಿಯಿತ್ತು. ಪೈಪಿನ ಘಟಕದ ಮೀಟರಿನಲ್ಲಿ ಮತ್ತೆ ಜೆ. ಯಂತ್ರ ನಡೆಸುವವರನ್ನು ಕರೆದು ತೋರಿಸಿದೆ. ಅವರು ನಕ್ಕರು. "ಅಂಕಿ ನೋಡಿ ನಡೆಸಿದ್ರ ಪೈಪ್ ಸುಡಾಕತ್ತಿದ್ವು ಅಕ್ಕಾರ. ನಾವಽ ಇಳಿಸ್ಕೊಂಡು ಇಳಿಸ್ಕೊಂಡು ಒಂದು ಲೆಕ್ಕಕ್ಕ ತಂದೀವಿ," ಎಂದರು. ಅಲ್ಲಿಯ ಮಾಲಕರು ಅವರ ಮಾತು ಕೇಳಿದ್ದರು. ನಾನು ಕೇಳದಿದ್ದದ್ದು ಸಿಂಧನೂರಿನಲ್ಲಿ.

ಕಾಕಾನ ಮಣಿಕಟ್ಟು ಈಗ ಅರ್ಧ ಏಳುತ್ತದೆ. ಪೂರ್ತಿ ಏಳುವುದೋ ಇಲ್ಲವೋ ಡಾಕ್ಟರಮ್ಮ ಹೇಳುವುದಿಲ್ಲ. ಅವರು ಮತ್ತೆ ಕಡಾಯಿಯ ಮುಂದೆ ಕೂರಲಿಲ್ಲ. ಮುಂದಿನ ಅಂಗಡಿಯಲ್ಲಿ ಗಿರಾಕಿಗಳ ಬ್ಯಾಟರಿ ಪರೀಕ್ಷಿಸುತ್ತಾರೆ. ನಾನು ಹೋದರೆ ಚಹಾ ತರಿಸುತ್ತಾರೆ. ಅವರು ನನ್ನನ್ನು ಕ್ಷಮಿಸಿದ್ದಾರೆಯೇ ಎಂದು ನಾನು ಕೇಳಿಲ್ಲ.

ಹಳೆಯ ಮೀಟರುಗಳನ್ನು ನೋಡಲು ಹೊರಟ ಆ ವಾರದ ಕೊನೆಯ ಊರು ಮುದಗಲ್. ಬೇಕರಿಯವರು ಬೆಳಗಿನ ಪಾವು ಒಲೆಗೆ ಹಾಕಿ ಆಗಷ್ಟೇ ಬಾಗಿಲು ಮುಚ್ಚಿದ್ದರು. ನನ್ನ ಚೀಲ ನೋಡಿ ಅವರ ಹುಬ್ಬು ಮೇಲೇರಿತು.

"ಯಾಕ್ರಿ ಅಕ್ಕಾರ, ನಾವು ಫೋನ್ ಮಾಡಿಲ್ಲಲ್ರಿ. ಮೀಟರ್ ಛಲೋ ನಡದೈತಿ. ಏನೂ ತಪ್ಪಿಲ್ಲ."

"ತಪ್ಪಿಲ್ಲ ಅಂತ ನನಗ ಗೊತ್ತಿಲ್ರಿ," ಎಂದೆ. "ಅದಕ್ಕ ಬಂದೀನಿ."

ಅವರು ನನ್ನ ಮುಖವನ್ನೊಮ್ಮೆ, ಒಲೆಯನ್ನೊಮ್ಮೆ ನೋಡಿದರು. ಆಮೇಲೆ ಕೈ ಚಾಚಿ ಒಲೆಯ ಸ್ವಿಚ್ಚು ಆರಿಸಿದರು.